ಮುಳ್ಳಿಗೂ ತೋಳಿಗೂ ನಡುವೆ

"ಬೆಲ್ಟ್ ಒಂದೇ ಬದಲಿಸಪ್ಪ. ಮುಳ್ಳಿನ ಮೇಲಿರೋ ಆ ತೊಗಲಿಗೆ ಮಾತ್ರ ಕೈ ಹಾಕಬೇಡ."

ಅಜ್ಜಿ ಎರಡು ಸಲ ಹೇಳಿದಳು. ಸುಡುವ ಬಿಸಿಲಲ್ಲೂ ಅವಳ ಎಡಗೈಗೆ ಕೈಗವಸಿತ್ತು. ರೆಕಾರ್ಡ್ ಪ್ಲೇಯರಿನ ಜೊತೆ ಅವಳು ತಂದದ್ದು ಒಂದೇ ಹಾಡಿನ ತಟ್ಟೆ. ಅದಕ್ಕೆ ಲೇಬಲ್ ಇರಲಿಲ್ಲ.

ಊರಿಗೆ ಬಂದು ತಿಂಗಳಾಗಿದ್ದ ರಿಪೇರಿಯವನು ಬಗ್ಗಿ ನೋಡಿದ. ಮುಳ್ಳನ್ನು ಹಿಡಿದ ಕಾರ್ಟ್ರಿಜ್‌ಗೂ ಅದನ್ನು ಹೊತ್ತ ತೋಳಿಗೂ ನಡುವೆ ಉಗುರಿನಗಲದ ಕಂದು ಚೂರು.

"ಇದ್ಯಾಕಜ್ಜಿ?"

"ನಡುಕ ತೋಳಿಗೆ ಹತ್ತಬಾರ್ದು ಅಂತ. ಆ ಹಾಡಿನ ಅಡೀಲಿ ಮಾಟ ಇದೆ. ನನ್ನ ಮೈದುನ ಮಾಡಿಸಿ ಕಳಿಸಿದ್ದು. ದಿನಾ ಒಂದ್ಸಲ ಹಾಡಿಸ್ಲೇಬೇಕು. ಇಲ್ದಿದ್ರೆ ಮೂಳೇಲಿ ಹಾಡತ್ತೆ."

"ಮಾಟಕ್ಕೂ ಮುಳ್ಳಿಗೂ ಮದುವೆ ಮಾಡಿಸ್ಬಿಟ್ರಲ್ಲಜ್ಜಿ!"

ಅವಳು ನಗದೆ, ನಾಲ್ಕಕ್ಕೆ ಬರುವೆನೆಂದು ಹೇಳಿ ಹೊರಟಳು.

ಬೆಲ್ಟ್ ಹತ್ತು ನಿಮಿಷದ ಕೆಲಸ. ಐದಕ್ಕೆ ಶಾಲೆ ಬಿಟ್ಟು ಮಗಳು ಬರುವವರೆಗೆ ಸಮಯವಿತ್ತು. ಕಾರ್ಟ್ರಿಜ್ ತೋಳಿಗೆ ಬಿಗಿಯಾಗಿ ಕೂರಬೇಕು, ನಡುವೆ ಮೆತ್ತನೆಯದೇನಿದ್ದರೂ ಸ್ವರ ಸಾಯುತ್ತದೆ ಎಂಬುದು ಅವನು ಕಲಿತ ಪಾಠ. ಎರಡು ಸ್ಕ್ರೂ ಬಿಚ್ಚಿ ಚೂರನ್ನು ಕಿತ್ತ. ತೊಗಲೋ ರಬ್ಬರೋ ತಿಳಿಯಲು ಕಾದ ಬೆಸುಗೆ ಕಡ್ಡಿಗೆ ತಾಗಿಸಿದ. ಕೂದಲು ಸುಟ್ಟ ವಾಸನೆ ಅಂಗಡಿ ತುಂಬಿತು. ಚೂರು ಕರಕಲಾಯಿತು.

ಕಾರ್ಟ್ರಿಜ್ ಬಿಗಿದು, ತಟ್ಟೆಯ ಮೇಲೆ ಮುಳ್ಳಿಳಿಸಿದ. ಹೆಣ್ಣುದನಿಯ ಹಾಡು ಹಿಂದೆಂದೂ ಕೇಳದಷ್ಟು ಸ್ಪಷ್ಟವಾಗಿತ್ತು. ಅದರ ಅಡಿಯಲ್ಲಿ ಗಂಡಸೊಬ್ಬ ಉಸಿರೆಳೆದುಕೊಳ್ಳದೆ ಗೊಣಗುತ್ತಿದ್ದ.

ಪ್ಲೇಯರಿನ ತೋಳನ್ನೆತ್ತಲು ಬಲಗೈ ಹೆಬ್ಬೆರಳು ಇಟ್ಟ. ತೋಳು ಸಣ್ಣಗೆ ನಡುಗುತ್ತಿತ್ತು. ನಡುಕ ಬೆರಳಿಗೆ ಬಂತು. ಆಮೇಲೆ ಬೆರಳು ಜೋಮು ಹಿಡಿದು, ಕಣ್ಣಿಗೆ ಮಾತ್ರ ಇತ್ತು.

ಹಾಡು ನಿಂತಿತು. ಗೊಣಗು ನಿಲ್ಲಲಿಲ್ಲ. ಅದು ಮಣಿಕಟ್ಟಿನ ಮೂಳೆಯೊಳಗಿತ್ತು. ಎರಡು ಗಂಟೆಗೆ ಮೊಣಕೈ. ಮೂರಕ್ಕೆ ಭುಜ. ಮುಂದಿನದು ಎದೆ. ಅವನಿಗೆ ಹೆದರಿಕೆಯೂ ಆಗಲಿಲ್ಲ. ಅದೂ ಜೋಮು ಹಿಡಿದಂತಿತ್ತು.

ನಾಲ್ಕಕ್ಕೆ ಬಂದ ಅಜ್ಜಿ ಬಾಗಿಲಲ್ಲೇ ಮೂಸಿದಳು.

"ಸುಟ್ಟುಬಿಟ್ಯಾ?"

"ಬೇರೆ ತೊಗಲು ಹಾಕ್ತೀನಿ. ಎಲ್ಲಿ ಸಿಗತ್ತೆ ಹೇಳಿ."

ಅವಳು ಕೈಗವಸು ಕಳಚಿ ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಹೆಬ್ಬೆರಳಿನ ತುದಿಯ ಮಾಂಸವೇ ಇರಲಿಲ್ಲ; ಚಪ್ಪಟೆ, ನುಣುಪು.

"ಜೋಮು ಹಿಡಿದ ಕಡೆಯಿಂದ್ಲೇ ತೆಗೀಬೇಕು. ಹೆದರ್ಬೇಡ, ನೋಯಲ್ಲ."

ಗೊಣಗು ಎದೆಗೂಡಿನ ಅಂಚಿಗೆ ಬಂದಿತ್ತು. ಎಡಗೈಯಲ್ಲಿ ಬ್ಲೇಡ್ ಹಿಡಿದ. ಬಲ ಹೆಬ್ಬೆರಳಿನ ತುದಿ ಕೊಯ್ದ. ನೋಯಲಿಲ್ಲ. ಯಾರದೋ ರಕ್ತದಂತೆ ರಕ್ತ ಹರಿಯಿತು. ಚೂರಿಟ್ಟ. ಅಜ್ಜಿ ಸ್ಕ್ರೂ ಬಿಗಿದಳು. ತಟ್ಟೆ ತಿರುಗಿತು. ಬರೀ ಹಾಡು. ಗೊಣಗಿಲ್ಲ.

"ಕೈ ಸರಿಹೋಗತ್ತಾ?"

"ಇಲ್ಲ. ಮೇಲೆ ಹತ್ತಲ್ಲ, ಅಷ್ಟೇ." ಅವಳು ಕೈಗವಸು ಏರಿಸಿಕೊಂಡಳು. "ನೀನೂ ಒಂದು ತಗೊಂಡು ಹಾಕ್ಕೋ. ಇವತ್ತೇ."

ಗಾಯ ಮುಚ್ಚಲಿಕ್ಕೆ ಎಂದುಕೊಂಡು, ಅವನು ಬೆರಳಿಗೆ ಬಟ್ಟೆ ಸುತ್ತಿದ. ಅದು ಸಾಕೆನಿಸಿತು.

ಐದಕ್ಕೆ ಮಗಳು ಬಂದಳು. ರಸ್ತೆ ದಾಟಲು ಎಂದಿನಂತೆ ಅವನ ಬಲಗೈ ಹಿಡಿದಳು. ಹಿಡಿದಿದ್ದಾಳೆಂದು ಅವನಿಗೆ ತಿಳಿದದ್ದು ನೋಡಿದಾಗಲೇ. ಅವಳ ಅಂಗೈ ಅವನ ಅಂಗೈಗೆ ಅಂಟಿಕೊಂಡಿತ್ತು. ನಡುವೆ ಏನೂ ಇರಲಿಲ್ಲ.

ರಸ್ತೆಯ ಮಧ್ಯದಲ್ಲಿ ಅವಳು ನಿಂತುಬಿಟ್ಟಳು.

"ಅಪ್ಪಾ, ಯಾರೋ ಗೊಣಗ್ತಿದಾರೆ," ಎಂದಳು. "ನನ್ನ ಕೈಯೊಳಗೆ."