ಹಿಂದೆ ಸರಿದ ಕುದುರೆ

ತಮ್ಮನನ್ನು ಪೊಲೀಸರು ಕರೆದೊಯ್ದರೆಂಬ ಸುದ್ದಿ ಬಂದಾಗ ಸೊಸೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ಅಂಚು ಉಜ್ಜುತ್ತಿದ್ದಳು. ಒತ್ತು ಹೆಚ್ಚಾಗಿ ಗಾಜು ಸೀಳಿತು. ಸ್ಕೂಟರ್ ಹತ್ತಿ ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅತ್ತೆಯ ಮುಂದೆ ನಿಂತಳು.

"ಅತ್ತೆ, ನನ್ನ ತಮ್ಮನ್ನ ಸ್ಟೇಷನ್ನಲ್ಲಿ ಕೂರಿಸಿದ್ದಾರೆ. ಇವತ್ತು ಬೆಳಿಗ್ಗೆ ಚೆಸ್ ಕ್ಲಬ್ಬಲ್ಲಿ ಮೇಷ್ಟ್ರ ತಲೆ ಒಡೆದಿದೆಯಂತೆ, ಇವನೇ ತಳ್ಳಿದ್ದು ಅಂತಿದ್ದಾರೆ. ನೀವು ಒಂದ್ಸಲ ಬರಬೇಕು."

ಅತ್ತೆ ಮಡಚುತ್ತಿದ್ದ ಬಟ್ಟೆಯನ್ನು ಪೂರ್ತಿ ಮಡಚಿಯೇ ಕೆಳಗಿಟ್ಟರು. "ಮೇಷ್ಟ್ರು ಬದುಕಿದಾರಾ?"

"ಆಸ್ಪತ್ರೇಲಿದಾರೆ. ಎಚ್ಚರ ಇಲ್ಲ."

"ಹಾಗಾದ್ರೆ ನನ್ನ ಕನ್ನಡಕ ಹುಡುಕಿಕೊಡು."

ಅತ್ತೆ ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವರು. ಕಟಕಟೆಯಲ್ಲಿ ನಿಂತವರ ಮಾತನ್ನು ಬರೆದು ಬರೆದು, ಸುಳ್ಳು ಹೇಳುವವನ ಗಂಟಲು ಯಾವ ಪದದ ಹತ್ತಿರ ಒಣಗುತ್ತದೆಂಬುದು ಅವರಿಗೆ ಕರತಲಾಮಲಕ. ನಿವೃತ್ತರಾದ ಮೇಲೆ ಕೇರಿಯ ಹಲವು ಕಗ್ಗಂಟುಗಳನ್ನು ಬಿಡಿಸಿದ್ದರು. ಇನ್‌ಸ್ಪೆಕ್ಟರ್ ಕೂಡ ಅವರನ್ನು ಕಂಡರೆ ಟೋಪಿ ತೆಗೆಯುತ್ತಿದ್ದ. ಅತ್ತೆಯ ಪತ್ತೇದಾರಿಗೆ ಸೊಸೆಯ ಸ್ಕೂಟರೇ ರಥ, ಸೊಸೆಯೇ ಸಾರಥಿ. ಆದರೆ ಈ ಸಲ ಕೇಸು ಸಾರಥಿಯ ತವರಿನದೇ. ಲಿಫ್ಟ್ ರಿಪೇರಿ ಮಾಡುವ ಆ ತಮ್ಮನನ್ನು ಕಂಡರೆ ಅತ್ತೆಗೆ ಮೊದಲಿನಿಂದ ಅಷ್ಟಕ್ಕಷ್ಟೆ. 'ಹುಂಬ' ಎನ್ನುವುದು ಅವರು ಅವನಿಗಿಟ್ಟ ಹೆಸರು. ಹುಂಬನೇ ತಪ್ಪು ಮಾಡಿದ್ದಾನೆಂದು ಕಂಡರೆ ಅತ್ತೆ ಮುಚ್ಚಿಡುವವರಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಕ್ಲಬ್ಬು ಹಳೆಯ ಗ್ರಂಥಾಲಯದ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುತ್ತಾ ಸೊಸೆ ಅಲ್ಲಿನ ಜಗಳವನ್ನು ವಿವರಿಸಿದಳು. ತಮ್ಮ ಆಡುತ್ತಿದ್ದದ್ದು ಒಂದೇ ಆರಂಭ, ಒಂದು ಗ್ಯಾಂಬಿಟ್. ಆಟ ಶುರುವಾದ ಕೂಡಲೇ ಬೇಕೆಂದೇ ಒಂದು ಪದಾತಿಯನ್ನು ಬಲಿ ಕೊಡುವುದು, ಅದು ಸಾಲದೆಂಬಂತೆ ಎದುರಾಳಿಯ ರಾಜನ ಮುಂದೆ ಕುದುರೆಯನ್ನೂ ಒಪ್ಪಿಸುವುದು, ಆಮೇಲೆ ಬಯಲಿಗೆ ಬಿದ್ದ ರಾಜನನ್ನು ಅಟ್ಟಾಡಿಸುವುದು. ಇದು ಗಟ್ಟಿಯೋ ಟೊಳ್ಳೋ ಎಂದು ಕ್ಲಬ್ಬಿನಲ್ಲಿ ವರ್ಷಗಳಿಂದ ಕಿತ್ತಾಟ. ಗಟ್ಟಿ ಎಂದು ಪುಸ್ತಕ ಬರೆದು ಹೆಸರು ಮಾಡಿದವರು ಅಲ್ಲಿನ ಕೋಚ್. ಟೊಳ್ಳು ಎಂದು ಮೇಜು ಕುಟ್ಟುವವರು ಕಾರ್ಯದರ್ಶಿ. ಇಷ್ಟು ಕಾಲ ಬಾಯಿ ಬಿಡದಿದ್ದವರು ಗಣಿತದ ಮೇಷ್ಟ್ರು. ಈ ಭಾನುವಾರ ಎಲ್ಲರೆದುರು ತೀರ್ಪು ಹೇಳುತ್ತೇನೆಂದು ಅವರು ಹೋದ ವಾರ ಸಾರಿದ್ದರು.

ಕೋಣೆಯಲ್ಲಿ ಮೇಷ್ಟ್ರ ಮೆತ್ತೆಯ ಕುರ್ಚಿ ಮಗುಚಿ ಬಿದ್ದಿತ್ತು. ಕಬ್ಬಿಣದ ಕಪಾಟಿನ ಮೂಲೆಯಲ್ಲಿ ರಕ್ತದ ಕಲೆ. ಮೇಜಿನ ಮೇಲಿನ ಚದುರಂಗದ ಹಾಸು ಮಾತ್ರ ಅಲುಗದೆ ನಿಂತಿತ್ತು.

"ನೋಡಿ ಅಮ್ಮ, ನಿಮ್ಮ ಸೊಸೆಯ ತಮ್ಮ ಏನಂತಾನೆ? 'ನಾವು ಆಡಲೇ ಇಲ್ಲ, ಕಾಯಿಗಳು ಜೋಡಿಸಿದ ಹಾಗೇ ಇದ್ವು, ಬರೀ ಜಗಳ ಆಡಿ ಎದ್ದು ಹೋದೆ' ಅಂತಾನೆ," ಎಂದ ಇನ್‌ಸ್ಪೆಕ್ಟರ್. "ಕೆಳಗಿನ ಗ್ರಂಥಪಾಲಕಿ ಕೂಗಾಟ ಕೇಳಿದಾರೆ, ಅವನು ಹೋಗಿದ್ದು ನೋಡಿಲ್ಲ. ಹಿಂದೆ ಇನ್ನೊಂದು ಮೆಟ್ಟಿಲಿದೆ, ಅದು ಬೇರೆ ಮಾತು. ಆದ್ರೆ ಇಲ್ಲಿ ಆಟ ಅರ್ಧ ಆಗಿದೆ. ಇಡೀ ಕ್ಲಬ್ಬಲ್ಲಿ ಯಾವಾಗಲೂ ಹೀಗೇ ಆಡೋನು ಅವನೊಬ್ಬನೇ ಅಂತೆ. ಅಂದ್ರೆ ತುಂಬಾ ಹೊತ್ತು ಇಲ್ಲೇ ಕೂತಿದ್ದಾನೆ, ನಮಗೆ ಸುಳ್ಳು ಹೇಳಿದಾನೆ."

ಸೊಸೆ ಹಾಸಿನತ್ತ ಬಗ್ಗಿದಳು. ಬಿಳಿಯ ಕಡೆ ತಮ್ಮನ ಆಟವೇ, ಒಂದೊಂದು ಹೆಜ್ಜೆಯೂ ಅವನದೇ. ಬಲಿಯಾದ ಪದಾತಿ ಮೇಷ್ಟ್ರ ಕಡೆ ಮಲಗಿತ್ತು. ಅವಳು ಮೇಜು ಹಿಡಿದುಕೊಂಡಳು. ಆಮೇಲೆ ಮತ್ತೊಮ್ಮೆ ನೋಡಿದಳು.

"ಕುದುರೆ ಯಾಕೆ ಇಲ್ಲಿದೆ?" ಎಂದಳು. "ಇದೇ ನಡೇಲಿ ಕೊಡಬೇಕಿತ್ತು. ಹಿಂದಕ್ಕೆ ತಗೊಂಡು ನಿಲ್ಲಿಸಿದಾರಲ್ಲ."

"ಕೊಡದೆ ಇರೋದೂ ಉಂಟಲ್ವಾ?" ಎಂದರು ಅತ್ತೆ.

"ಅವನಾ? ಚಿಕ್ಕವನಿದ್ದಾಗಿನಿಂದ ನನ್ನ ಜೊತೇನೇ ಆಡಿ ಕಲಿತಿದ್ದು ಅತ್ತೆ. ಸೋಲ್ತೀನಿ ಅಂತ ಗೊತ್ತಿದ್ರೂ ಕೊಡ್ತಾನೆ. ಜ್ವರ ಬಂದಾಗಲೂ ಕೊಟ್ಟಿದಾನೆ."

ಇನ್‌ಸ್ಪೆಕ್ಟರ್ ನಕ್ಕ. "ಇವತ್ತು ಬುದ್ಧಿ ಬಂದಿರಬಹುದು."

ಅತ್ತೆ ಸ್ಟೇಷನ್ನಿಗೆ ಹೊರಟರು.

ಸ್ಟೇಷನ್ನಿನ ಬೆಂಚಿನ ಮೇಲೆ ಕೆದರಿದ ತಲೆಯಲ್ಲಿ ತಮ್ಮ ಕೂತಿದ್ದ. "ಮೇಷ್ಟ್ರು ರೇಗಿಸಿದ್ರು. 'ಭಾನುವಾರ ನಿನ್ನ ಗ್ಯಾಂಬಿಟ್‌ಗೆ ಗುಂಡಿ ತೋಡ್ತೀನಿ, ಹೇಗೆ ಅಂತ ಈಗ ಹೇಳಲ್ಲ' ಅಂದ್ರು. ನಾನೂ ಕೂಗಾಡಿದೆ, ಬಾಗಿಲು ಬಡಿದು ಬಂದೆ. ಅಷ್ಟೇ."

"ಆ ಜಾಗದಲ್ಲಿ ಕುದುರೆ ಹಿಂದಕ್ಕೆ ತೆಗೆದ್ರೆ ಹೇಗೆ?" ಎಂದು ಕೇಳಿದರು ಅತ್ತೆ.

ತನ್ನನ್ನು ಹಿಡಿದವರ ಮೇಲೂ ಬಾರದ ಸಿಟ್ಟು ಅವನಿಗೆ ಆಗ ಬಂತು. "ಹಿಂದಕ್ಕಾ? ಯಾಕೆ?"

ಅಲ್ಲಿಂದ ಅತ್ತೆ ಸ್ಕೂಟರನ್ನು ಕಾರ್ಯದರ್ಶಿಯ ಬಣ್ಣದ ಅಂಗಡಿಗೆ ತಿರುಗಿಸಲು ಹೇಳಿದರು. ಡಬ್ಬಿಗಳ ಮಧ್ಯೆ ನಿಂತು ಕಾರ್ಯದರ್ಶಿ, ಕೇಳದಿದ್ದರೂ ಗ್ಯಾಂಬಿಟ್ಟಿನ ಜನ್ಮ ಜಾಲಾಡಿದರು. "ಪದಾತಿ ಕೊಡೋದೇ ಮೂರ್ಖತನ ಅಮ್ಮ. ನಾನು ಮೊದಲಿಂದ ಹೇಳ್ತಿದೀನಿ."

"ಕೊಟ್ಟಾಯ್ತು ಅಂತ ಇಟ್ಕೊಳ್ಳಿ. ಆಮೇಲೆ?"

"ಆಮೇಲೆ ಕುದುರೆನೂ ಕೊಡಲೇಬೇಕು. ನಡು ಹೊಳೇಲಿ ನಿಂತು ವಾಪಸ್ ಬರ್ತೀನಿ ಅಂದ್ರೆ ಆಗುತ್ತಾ? ಪದಾತಿಯೂ ಹೋಯ್ತು, ದಾಳಿಯೂ ಹೋಯ್ತು. ಹಾಗೆ ಆಡೋನು ನಮ್ಮ ಕ್ಲಬ್ಬಲ್ಲಿ ಯಾರೂ ಇಲ್ಲ."

ಸಂಜೆ ಕೋಚ್ ತಾವೇ ಮನೆಗೆ ಬಂದರು. ಇಸ್ತ್ರಿಯ ಅಂಗಿ, ಮೆಲು ದನಿ. ಅವರು ಸೊಸೆಗೆ ಧೈರ್ಯ ಹೇಳಿದರು, ಒಳ್ಳೆ ವಕೀಲರ ವಿಳಾಸ ಕೊಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು, "ಹೊರಗೆ ಬಂದ ಮೇಲೆ ಅವನಿಗೆ ಆ ಗ್ಯಾಂಬಿಟ್ ಬಿಟ್ಟುಬಿಡೋಕೆ ಹೇಳಮ್ಮ, ಬೇರೆ ಏನಾದ್ರೂ ಕಲೀಲಿ," ಎಂದರು. ಇಷ್ಟೆಲ್ಲ ಕಾಳಜಿ ಮಾಡುವವರು ಒಬ್ಬರಾದರೂ ಇದ್ದಾರಲ್ಲ ಎಂದು ಸೊಸೆಗೆ ಕಣ್ಣು ತುಂಬಿ ಬಂತು.

ಮರುದಿನ ಆಸ್ಪತ್ರೆಯಲ್ಲಿ ನರ್ಸ್ ತಲೆಯಾಡಿಸಿದಳು. ಮೇಷ್ಟ್ರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವರು ಹೋದರೆ ಕೇಸು ಕೊಲೆಯಾಗುತ್ತದೆ ಎಂದು ಇನ್‌ಸ್ಪೆಕ್ಟರ್ ಹೇಳಿದ್ದ. ಕಾರಿಡಾರಿನ ಬೆಂಚಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು, "ನಿನ್ನ ಮನಸ್ಸು ಏನನ್ನುತ್ತೆ? ಅವನು ಮಾಡಿದಾನಾ?"

ಇಲ್ಲ ಎನ್ನಲು ಸೊಸೆ ಬಾಯಿ ತೆರೆದಳು. ಬಡಿದ ಬಾಗಿಲು, ಅವನ ಮುಂಗೋಪ, ಮೇಜಿನ ಮೇಲಿನ ಅವನದೇ ಆಟ, ಎಲ್ಲ ನೆನಪಾಗಿ ಮಾತು ಹೊರಡಲಿಲ್ಲ. ಒಡಹುಟ್ಟಿದವನನ್ನೇ ಶಂಕಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಭಾನುವಾರ ಬೆಳಿಗ್ಗೆ ಅತ್ತೆಯ ಮಾತಿನಂತೆ ಎಲ್ಲರೂ ಕ್ಲಬ್ಬಿನಲ್ಲಿ ಸೇರಿದರು: ಕಾರ್ಯದರ್ಶಿ, ಕೋಚ್, ಗ್ರಂಥಪಾಲಕಿ, ತಮ್ಮನನ್ನು ಕರೆತಂದ ಇನ್‌ಸ್ಪೆಕ್ಟರ್. ಹಾಸಿನ ಮೇಲೆ ಅದೇ ಆಟ, ಆದರೆ ಕುದುರೆ ಹಿಂದೆ ಸರಿಯುವ ಮುಂಚಿನ ಸ್ಥಿತಿಯಲ್ಲಿ ನಿಂತಿತ್ತು.

"ಒಳ್ಳೆ ಸುದ್ದಿ," ಎಂದರು ಅತ್ತೆ. "ಮೇಷ್ಟ್ರಿಗೆ ಎಚ್ಚರ ಆಗಿದೆ. ಮಾತು ಬರ್ತಿಲ್ಲ, ಬೆರಳು ತೋರಿಸ್ತಾರೆ. ಇವತ್ತು ತೀರ್ಪು ಕೊಡ್ತೀನಿ ಅಂದಿದ್ರಲ್ಲ, ಕೊಟ್ಟೇ ಕೊಡ್ತಾರಂತೆ. ನೀವು ಒಬ್ಬೊಬ್ಬರಾಗಿ ಬಿಳಿ ಕಡೆ ಒಂದು ನಡೆ ಆಡಿ. ನರ್ಸ್ ಫೋನ್ ಹಿಡಿದು ನಿಂತಿದಾಳೆ, ಅವರು ಉತ್ತರ ತೋರಿಸ್ತಾರೆ."

ಸೊಸೆ ಅತ್ತೆಯತ್ತ ತಿರುಗಿದಳು. ಎಚ್ಚರವಾಗಿದೆಯೆಂದು ತನಗೂ ಹೇಳಿರಲಿಲ್ಲವಲ್ಲ. ಮೇಷ್ಟ್ರು ತಮ್ಮನ ಕಡೆ ಬೆರಳು ತೋರಿಸಿಬಿಟ್ಟರೆ?

ತಮ್ಮ ಕೂರುವ ಮುಂಚೆಯೇ ಕುದುರೆಯನ್ನು ರಾಜನ ಮುಂದೆ ಕೊಟ್ಟ. ಕಾರ್ಯದರ್ಶಿ ಗೊಣಗುತ್ತ, "ಇಲ್ಲೀವರೆಗೆ ಬಂದಮೇಲೆ ಇನ್ನೇನು ದಾರಿ" ಎಂದು ಅದನ್ನೇ ಆಡಿದರು. ಕಾಯಿಯನ್ನು ಮತ್ತೆ ಸ್ವಸ್ಥಾನದಲ್ಲಿಟ್ಟು ಅತ್ತೆ ಕೋಚ್ ಕಡೆ ತಿರುಗಿದರು.

ಕೋಚ್ ಕುರ್ಚಿ ಎಳೆದುಕೊಂಡು ಕೂತರು. ಕೈ ಕುದುರೆಯ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು. ಅವರ ಹಣೆಯ ಬೆವರು ಇಳಿದು ಹುಬ್ಬಿಗೆ ಬಂತು.

"ನಿಮ್ಮದೇ ಗ್ಯಾಂಬಿಟ್ ಅಲ್ವಾ ಸಾರ್?" ಎಂದರು ಅತ್ತೆ. "ಪುಸ್ತಕದಲ್ಲಿ ಕಣ್ಣು ಮುಚ್ಚಿ ಕೊಡಿ ಅಂತ ಬರೆದಿದೀರಂತೆ."

"ಕೊಟ್ರೆ ಸೋಲು," ಎಂದರು ಕೋಚ್, ತಮಗೇ ಹೇಳಿಕೊಂಡಂತೆ. "ಅವರು ತೋರಿಸಿಬಿಡ್ತಾರೆ."

"ಹೌದಾ? ಇಡೀ ಕ್ಲಬ್ಬಿಗೆ ಗೊತ್ತಿಲ್ಲದ್ದು ನಿಮಗೆ ಹೇಗೆ ಗೊತ್ತಾಯ್ತು?"

ಕೋಚ್ ಕೈ ಹಿಂದಕ್ಕೆಳೆದುಕೊಂಡರು. ಅತ್ತೆ ಇನ್‌ಸ್ಪೆಕ್ಟರ್ ಕಡೆ ನೋಡಿ ಮಾತು ಮುಂದುವರಿಸಿದರು.

"ಹುಡುಗ ಆಡಲೇ ಇಲ್ಲ ಅಂದ. ಅದು ನಿಜ ಆಗಿದ್ರೆ ಈ ಆಟ ಬೇರೆ ಯಾರೋ ಜೋಡಿಸಿದ್ದು. ಆಟ ಬರದವರಿಗೆ ಇಷ್ಟು ಸರಿಯಾಗಿ ಜೋಡಿಸೋಕಾಗಲ್ಲ, ಹಾಗಾಗಿ ಕ್ಲಬ್ಬಿನವರೇ. ಅವನ ತಲೆಗೆ ಕಟ್ಟಬೇಕು ಅಂತ ಅವನ ಆಟಾನೇ ಇಟ್ಟಿದಾರೆ. ಒಂದು ನಡೆ ಬಿಟ್ಟು ಎಲ್ಲ ಅವನದೇ. ಆ ಒಂದನ್ನ ಯಾಕೆ ಬದಲಾಯಿಸಿದ್ರು? ಕಾರ್ಯದರ್ಶಿಗಳು ಹೇಳಿದ್ರು, ಅಲ್ಲಿ ಕುದುರೆ ಹಿಂದಕ್ಕೆ ತೆಗೆಯೋನು ಕ್ಲಬ್ಬಲ್ಲೇ ಇಲ್ಲ ಅಂತ. ಪರವಾಗಿರೋರೂ ಕೊಡ್ತಾರೆ, ವಿರೋಧ ಮಾಡೋರೂ ಕೊಡ್ತಾರೆ. ತೆಗೆಯೋನು ಯಾರು? ಕೊಟ್ರೆ ಸೋಲ್ತೀನಿ ಅಂತ ಆಗಷ್ಟೇ ಕಣ್ಣಾರೆ ನೋಡಿದವನು. ಅದನ್ನ ತೋರಿಸಬಲ್ಲವರು ಮೇಷ್ಟ್ರೊಬ್ಬರೇ. ಈ ಹುಡುಗನಿಗೆ ತೋರಿಸೋಕೆ ಒಪ್ಪಲಿಲ್ಲ, ಅದಕ್ಕೇ ಜಗಳ. ಅಂದ್ರೆ ಇವನು ಹೋದಮೇಲೆ ಇನ್ನೊಬ್ಬರಿಗೆ ತೋರಿಸಿದಾರೆ. ಗ್ಯಾಂಬಿಟ್ ಸತ್ರೆ ಮಾನ ಹೋಗೋರಿಗೆ, ಸಭೆಗೆ ಮುಂಚೆ ಮರ್ಯಾದೆಗೆ ಅಂತ. ಕೋಚ್ ಸಾರ್, ಅವತ್ತೇ ಸಂಜೆ ನೀವು ನಮ್ಮನೆ ಬಾಗಿಲಲ್ಲಿ ಏನಂದ್ರಿ? ಆ ಗ್ಯಾಂಬಿಟ್ ಬಿಟ್ಟುಬಿಡೋಕೆ ಹೇಳು ಅಂದ್ರಿ. ಇಷ್ಟು ವರ್ಷ ಅದನ್ನೇ ಸಾರಿಕೊಂಡು ಬಂದೋರು ಒಂದೇ ದಿನಕ್ಕೆ ಮತ ಬದಲಾಯಿಸಿದ್ರೆ ಈ ಮುದುಕಿಗೆ ನಿದ್ದೆ ಬರುತ್ತಾ?"

ಕೋಚ್ ಹಾಸನ್ನೇ ನೋಡುತ್ತ ಬಾಯಿ ಬಿಟ್ಟರು. "ಹಿಂದಿನ ಮೆಟ್ಟಿಲಲ್ಲಿ ಬಂದೆ. ಕೂಗಾಟ ಮುಗಿದಿತ್ತು," ಎಂದರು. "ಮೇಷ್ಟ್ರು ತೋರಿಸಿದ್ರು. ನಾಲ್ಕೇ ನಡೆ. ಸಭೇಲಿ ಹೇಳಬೇಡಿ ಅಂತ ಕೈ ಮುಗಿದೆ. ನಕ್ಕುಬಿಟ್ರು. ತಳ್ಳಿದೆ. ಸತ್ತೇಹೋದ್ರು ಅಂದ್ಕೊಂಡೆ. ಅವನ ಆಟ ಜೋಡಿಸ್ತಾ ಬಂದೆ, ಆ ನಡೆ ಬಂದಾಗ... ತಪ್ಪು ಅಂತ ಗೊತ್ತಿರೋ ನಡೇನ ಈ ಕೈ ಹೇಗೆ ಆಡುತ್ತಮ್ಮ?"

ಇನ್‌ಸ್ಪೆಕ್ಟರ್ ಅವರ ಭುಜದ ಮೇಲೆ ಕೈಯಿಟ್ಟ. ಬಾಗಿಲ ಹತ್ತಿರ ಕೋಚ್ ತಿರುಗಿ, "ಮೇಷ್ಟ್ರು ಚೆನ್ನಾಗಿದಾರಾ?" ಎಂದು ಕೇಳಿದರು.

"ಇನ್ನೂ ಕಣ್ಣು ಬಿಟ್ಟಿಲ್ಲ," ಎಂದರು ಅತ್ತೆ. "ಕೋರ್ಟಲ್ಲಿ ಇಷ್ಟು ವರ್ಷ ಬೇರೆಯವರ ಸುಳ್ಳು ಬರೆದಿದೀನಿ. ಇವತ್ತು ನಂದೊಂದು."

ಹಾಗಾಗಿ ತಮ್ಮ ಹೊರಗೆ ಬಂದರೂ ಸೊಸೆಯ ಎದೆಯ ಭಾರ ಇಳಿಯಲಿಲ್ಲ. ಮೇಷ್ಟ್ರು ಕಣ್ಣು ಬಿಟ್ಟದ್ದು ವಾರದ ನಡುವೆ. ತಲೆಗೆ ಕಟ್ಟು, ಕೈಗೆ ನಳಿಕೆ, ಆದರೂ ಮೊದಲು ಕೇಳಿದ್ದು ಚದುರಂಗದ ಹಾಸನ್ನು. ತಮ್ಮನು ಜೇಬಿನಿಂದ ಪುಟ್ಟ ಹಾಸು ತೆಗೆದು ಹಾಸಿಗೆಯ ಮೇಲಿಟ್ಟ. ಕುದುರೆಯನ್ನು ಹೊಡೆದ ರಾಜ ಎಲ್ಲರೂ ಆಡಿಸುವಂತೆ ಹಿಂದಕ್ಕೆ ಓಡದೆ ಒಂದು ಮನೆ ಮುಂದಕ್ಕೆ, ಬೆಂಕಿಯೊಳಕ್ಕೇ ಬರಬೇಕೆಂದು ಮೇಷ್ಟ್ರು ತೋರಿಸಿದರು. ನಾಲ್ಕೇ ನಡೆಗೆ ದಾಳಿ ತಣ್ಣಗಾಯಿತು. ಬಾಡಿದ ಮುಖದಲ್ಲಿ ತಮ್ಮ ಕೂತ.

"ಅಕ್ಕ," ಎಂದ ಸ್ವಲ್ಪ ಹೊತ್ತಾದ ಮೇಲೆ, "ನಾನೇ ಮಾಡಿದೀನಿ ಅಂತ ನಿನಗೆ ಅನಿಸಿತ್ತಾ?"

ಸೊಸೆ ತಲೆ ತಗ್ಗಿಸಿದಳು. ಉತ್ತರ ಕೊಟ್ಟವರು ಅತ್ತೆ. "ಅವಳಿಗೆ ಏನನಿಸಿತೋ ಬಿಡು. ಕುದುರೆ ಕೊಡದೆ ಇರೋನಲ್ಲ ಅಂತ ಇನ್‌ಸ್ಪೆಕ್ಟರ್ ಮುಂದೆ ಹೇಳಿದ್ದು ಅವಳೇ. ಕೇಸು ನಿಂತಿದ್ದು ಅದೊಂದು ಮಾತಿನ ಮೇಲೆ. ಹುಂಬ, ನಾಳೆ ಊಟಕ್ಕೆ ಬಾ."

ಸೊಸೆ ತಮ್ಮನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಅವನು ಇನ್ನೊಂದು ಕೈಯಿಂದ ಕಾಯಿಗಳನ್ನು ಮೊದಲಿನಂತೆ ಜೋಡಿಸಿ, ಮೇಷ್ಟ್ರ ಜೊತೆ ಹೊಸ ಆಟ ಶುರು ಮಾಡಿದ. ಪದಾತಿ ಕೊಟ್ಟ. ಆ ನಡೆ ಬಂದಾಗ ಕುದುರೆಯನ್ನೂ ಕೊಟ್ಟ.

ಮೇಷ್ಟ್ರು ದಿಂಬಿನಿಂದ ತಲೆ ಎತ್ತಿದರು. "ಈಗ ತಾನೇ ತೋರಿಸಿದೆನಲ್ಲೋ. ಸೋಲ್ತೀನಿ ಅಂತ ಗೊತ್ತಿದ್ದೂ ಕೊಡ್ತೀಯಾ?"

"ಕೊಡಲೇಬೇಕು ಮೇಷ್ಟ್ರೇ," ಎಂದ ತಮ್ಮ. "ಕೊಡದಿದ್ರೆ ನಾನಲ್ಲ ಅಂತ ಪೊಲೀಸರಲ್ಲೂ ದಾಖಲಾಗಿದೆ."