ಕೂಡಗೊಡದ ಕುರ್ಚಿ

ನಂದಾ ಕುರ್ಚಿಯ ಮೇಲೆ ಕೂತಳು. ಕುರ್ಚಿ ಪಟ್ಟನೆ ಮಡಚಿಕೊಂಡಿತು. ನೆಲಕ್ಕೆ ಬೀಳುವ ಮೊದಲೇ ಅವಳು ಕಿಸಕ್ಕನೆ ನಕ್ಕುಬಿಟ್ಟಳು.

ಬೇರೆ ಯಾರೂ ನಗಲಿಲ್ಲ.

“ಮತ್ತ ನಕ್ಕಿ ನೋಡು,” ಎಂದರು ನಾಟಕ ಕಲಿಸುತ್ತಿದ್ದ ಆಮ್ರಪಾಲಿ ಅಕ್ಕೋರು. “ಮೊನ್ನೆ ನಾ ಟೀವಿದಾಗ ಮಾತಿಲ್ಲದ ಸಿನಿಮಾ ತೋರ್ಸಿದ್ನಲ್ಲ, ಅದರಾಗಿನ ಮನುಷ್ಯಾ ಒಮ್ಮೆರೆ ನಕ್ಕಿದ್ನೇನು?”

“ಇಲ್ರಿ ಅಕ್ಕೋರ.”

“ಅಂವ ನಗಲಿಲ್ಲ, ನಾವು ಹೊಟ್ಟಿ ಹಿಡ್ಕೊಂಡು ನಕ್ವಿ. ನಾಳೆನೂ ನೀ ನಕ್ಕರ ಈ ಪಾರ್ಟ್ ರಾಹುಲಗ.”

ರಾಹುಲ ಆಗಲೇ ಮುಖ ಗಂಟು ಹಾಕಿಕೊಂಡು ಪ್ರ್ಯಾಕ್ಟೀಸ್ ಶುರು ಮಾಡಿದ್ದ.

ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಾತಿಲ್ಲದ ನಾಟಕ. ಒಬ್ಬ ಮನುಷ್ಯ ಊಟಕ್ಕೆ ಕೂಡಬೇಕು, ಕುರ್ಚಿ ಕೂಡಗೊಡುವುದಿಲ್ಲ. ಅಷ್ಟೇ ಕತೆ. ನಂದಾಳಿಗೆ ಆ ಪಾರ್ಟು ಬೇಕೇ ಬೇಕು. ಆದರೆ ನಗಬಾರದು ಅಂದುಕೊಂಡಷ್ಟೂ ನಗು ಹೊಟ್ಟೆಯೊಳಗಿಂದ ಗುಳುಗುಳು ಏರಿ ಬರುತ್ತಿತ್ತು.

ಸಂಜೆ ಅವಳು ಅಪ್ಪನ ಜೊತೆ ಯಮಕನಮರಡಿ ಬಜಾರಿಗೆ ಹೋದಳು. ಅಪ್ಪ ಹೊಲಕ್ಕೆಂದು ಉದ್ದನೆಯ ಪೈಪು ಕೊಂಡು ಹೆಗಲ ಮೇಲಿಟ್ಟುಕೊಂಡ.

“ಲಗೂ ನಡಿ. ಪಂಪಿಗೆ ಕರೆಂಟ್ ಬರೂದರಾಗ ಹೊಲಾ ಮುಟ್ಟಬೇಕು.”

“ಏ ಸತ್ಯಪ್ಪಾ,” ಎಂದು ಎಡಗಡೆಯಿಂದ ಯಾರೋ ಕರೆದರು. ಅಪ್ಪ ಎಡಕ್ಕೆ ತಿರುಗಿದ. ಪೈಪಿನ ಹಿಂದಿನ ತುದಿ ಬಲಕ್ಕೆ ಹೋಗಿ, ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಗುರುಲಿಂಗಪ್ಪಜ್ಜನ ಬಿಳಿ ಟೊಪ್ಪಿಗೆಯನ್ನು ಮೆಲ್ಲಗೆ ಎತ್ತಿಕೊಂಡಿತು.

“ಏ, ನನ್ನ ಟೊಪಗಿ,” ಎಂದ ಅಜ್ಜ.

“ಯಾರ್ರಿ?” ಎಂದು ಅಪ್ಪ ಅತ್ತ ತಿರುಗಿದ. ಟೊಪ್ಪಿಗೆ ಹಾರಿ ಪಕ್ಕದ ಅಂಗಡಿಯ ಭಜಿ ಬುಟ್ಟಿಯಲ್ಲಿ ಕೂತಿತು.

“ನನ್ನ ಅಂಗಡಿ ಕೆಡವಾಕ ಬಂದೀಯೇನೋ?” ಎಂದಳು ಭಜಿ ಮಾರುವ ಅಲ್ಲವ್ವ. ಅಪ್ಪ ಅವಳತ್ತ ತಿರುಗಿದ. ಅಜ್ಜ ಸರಕ್ಕನೆ ಬಗ್ಗಿದ. ಪೈಪು ತಲೆಯ ಮೇಲೆ ಹಾದುಹೋಯಿತು. ಅಜ್ಜ ಎದ್ದ, ಪೈಪು ವಾಪಸ್ ಬಂತು, ಅಜ್ಜ ಮತ್ತೆ ಬಗ್ಗಿದ. ಕೈಯಲ್ಲಿನ ಚಹಾ ಮಾತ್ರ ಒಂದು ಹನಿಯೂ ಚೆಲ್ಲಲಿಲ್ಲ.

ಬಜಾರೆಲ್ಲ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಅಜ್ಜನೂ ನಕ್ಕ. ನಕ್ಕು ನಕ್ಕು ನಂದಾಳ ಕಣ್ಣಲ್ಲಿ ನೀರು ಬಂತು.

“ಯಾಕ ನಗಾಕತ್ತಾರ ಇವರೆಲ್ಲಾ?” ಎಂದು ಅಪ್ಪ ಕೇಳಿದ.

“ನಿನಗ ನಗು ಬರಲಿಲ್ಲೇನಪ್ಪಾ?”

“ಕರೆಂಟ್ ಬರೂ ಹೊತ್ತಾತು. ನಗಾಕ ಎಲ್ಲೈತಿ ಟೈಮು?”

ನಂದಾ ಅಪ್ಪನ ಮುಖ ನೋಡಿದಳು. ಆ ಮುಖದಲ್ಲಿ ಬಜಾರು ಇರಲಿಲ್ಲ, ಟೊಪ್ಪಿಗೆ ಇರಲಿಲ್ಲ. ಬರೇ ಹೊಲವಿತ್ತು. ಅವಳು ಪೈಪಿನ ಹಿಂದಿನ ತುದಿ ಹಿಡಿದುಕೊಂಡಳು.

ಮರುದಿನ ಮಧ್ಯಾಹ್ನ ನಂದಾ ಬಿಸಿಯೂಟದ ತಟ್ಟೆ ಹಿಡಿದುಕೊಂಡೇ ಪ್ರ್ಯಾಕ್ಟೀಸಿಗೆ ಬಂದಳು.

“ಉಂಡು ಬಾ ಹೋಗು,” ಎಂದರು ಅಕ್ಕೋರು.

“ಇಲ್ಲೇ ಕುಂತು ಉಣ್ತೇನ್ರಿ.”

ಮುಂಜಾನೆ ಅವಳು ಬೇಕಂತಲೇ ನಾಷ್ಟಾ ಬಿಟ್ಟಿದ್ದಳು. ಸಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಅವಳು ಕೂತಳು. ಕುರ್ಚಿ ಮಡಚಿಕೊಂಡಿತು. ತಟ್ಟೆಯನ್ನು ಎತ್ತಿ ಹಿಡಿದೇ ಬಿದ್ದಳು, ಎದ್ದಳು, ಕುರ್ಚಿ ಬಿಡಿಸಿದಳು. ಅದರ ಸುತ್ತ ಒಂದು ಸುತ್ತು ಹಾಕಿ, ಬೆರಳಿಂದ ತಟ್ಟಿ ನೋಡಿ, ಮೆಲ್ಲಗೆ ಕೂತಳು. ಪಟ್ಟ್.

ಹಿಂದೆ ಯಾರೋ ಕಿಸಕ್ಕೆಂದರು. ರಾಹುಲನ ಗಂಟು ಮುಖ ಒಡೆಯಿತು. ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು.

ನಂದಾ ಯಾರ ಕಡೆಗೂ ನೋಡಲಿಲ್ಲ. ಮತ್ತೆ ಕುರ್ಚಿ ಬಿಡಿಸಿದಳು. ಅನ್ನ ಆರುತ್ತಿತ್ತು.