ನಾಲ್ಕನೆಯ ಟೇಪು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆಸ್ಪತ್ರೆಯ ದಾಖಲೆಗಳ ಬ್ಯಾಕಪ್‌ಗೆಂದು ನನ್ನ ಪ್ರೋಗ್ರಾಂ ಸರ್ವರಿನಲ್ಲಿ ನಾಲ್ಕು ಟೇಪುಗಳನ್ನು ಸೃಷ್ಟಿಸುತ್ತದೆ; ನಿಜವಾದ ಟೇಪುಗಳಲ್ಲ, ಸಾಫ್ಟ್‌ವೇರಿನೊಳಗೆ ಮಾತ್ರ ಇರುವಂಥವು. ನಾವು ಕೂತಲ್ಲಿಂದಲೇ ನಾಲ್ಕನ್ನೂ ಒಂದೊಂದು ಪ್ರೋಗ್ರಾಂನಿಂದ ತೆರೆಯುವವರೆಗೆ ಬ್ಯಾಕಪ್ ಶುರುವಾಗದೆ ಕಾಯುತ್ತದೆ. ಮೂರನ್ನು ತೆರೆಯುವುದು ನನ್ನ ಪಾಲು. ನಾಲ್ಕನೆಯದು ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯದು. ಅವರು ತೀರಿಕೊಂಡ ಮರುವಾರ, ಹಾಡಹಗಲಲ್ಲಿ, ಅಭ್ಯಾಸಬಲದಿಂದ ಮೂರನ್ನೇ ತೆರೆದು ಕೂತೆ. ಬ್ಯಾಕಪ್ ಓಡತೊಡಗಿತು.

"ನಾಲ್ಕನೇದು ನೀವು ಓಪನ್ ಮಾಡಿದ್ರಾ ಸಾರ್?" ಎಂದು ಮೇಲಧಿಕಾರಿಯನ್ನು ಕೇಳಿದೆ.

"ನನಗೆ ಅದರ ಗಂಧಗಾಳಿನೂ ಗೊತ್ತಿಲ್ಲಪ್ಪ."

ಪಕ್ಕದ ಮೇಜಿನಿಂದ ಕಂಪ್ಯೂಟರನ್ನು ಆಗಲೇ ಒಯ್ದಿದ್ದರು. ಕೈಯಿಟ್ಟು ನೋಡಿದೆ. ಮೇಜೆಲ್ಲ ತಣ್ಣಗಿತ್ತು, ಕೀಬೋರ್ಡ್ ಇದ್ದ ಜಾಗ ಮಾತ್ರ ಬೆಚ್ಚಗಿತ್ತು.

ಇಂದಿಗೂ ನಾನು ಮೂರನ್ನೇ ತೆರೆಯುತ್ತೇನೆ. ನಾಲ್ಕನೆಯದನ್ನು ಗುರುವಾರ ಮಾತ್ರ ನಾನೇ ತೆರೆಯಬೇಕು.

ಗುರುವಾರ ಅವರಿಗೆ ವಾರದ ರಜೆ.